ತನಿಝಾಕಿಯ ನೆರಳು, ಅಜ್ಜಿಯ ಲಾಟೀನು

ಜಪಾನಿನ ಕಾದಂಬರಿಕಾರ ಜುನಿಚಿರೊ ತನಿಝಾಕಿಯ ‘ಇನ್ ಪ್ರೇಸ್ ಆಫ್ ಶ್ಯಾಡೋಸ್’ ಎಂಬ ನೀಳ್ಪ್ರಬಂಧವನ್ನು ನಾನು ಮೊದಲು ಓದಿದ್ದು ಎಂ.ಎ. ಓದುವಾಗ, ಹಾಸ್ಟೆಲ್ಲಿನ ಟ್ಯೂಬ್‌ಲೈಟಿನ ಕೆಳಗೆ. ಓದಿ ಮುಗಿಸಿದಾಗ ಆ ಟ್ಯೂಬ್‌ಲೈಟಿನ ಮೇಲೇ ಸಿಟ್ಟು ಬಂದಿತ್ತು. ಜಪಾನಿಯಲ್ಲಿ 1933-34ರಲ್ಲಿ ಪ್ರಕಟವಾದ, 1977ರಲ್ಲಿ ಇಂಗ್ಲಿಷಿಗೆ ಬಂದ ಈ ಪುಟ್ಟ ಪುಸ್ತಕ ಅಂಥ ಸಿಟ್ಟನ್ನು ಬಹಳ ಓದುಗರಲ್ಲಿ ಹುಟ್ಟಿಸಿರಬೇಕು. ವಿದ್ಯುದ್ದೀಪ ನಮ್ಮಿಂದ ಏನನ್ನು ಕಸಿದುಕೊಂಡಿತು ಎಂಬುದನ್ನು ಇಷ್ಟು ಸೊಗಸಾಗಿ ಹೇಳಿದ ಬರಹ ನನಗಂತೂ ಬೇರೆ ಸಿಕ್ಕಿಲ್ಲ.

ಪ್ರಬಂಧ ಶುರುವಾಗುವುದು ಮನೆ ಕಟ್ಟಿಸುವವನ ತಾಪತ್ರಯದಿಂದ. ಹಳೆಯ ರೀತಿಯ ಮನೆ ಬೇಕು, ಆದರೆ ಕರೆಂಟಿನ ತಂತಿ, ಗ್ಯಾಸಿನ ಕೊಳವೆ, ಟೆಲಿಫೋನನ್ನು ಎಲ್ಲಿ ಅಡಗಿಸುವುದು? ಅಲ್ಲಿಂದ ಮಾತು ಶೌಚಾಲಯಕ್ಕೆ, ಅರಗಿನ ಬಟ್ಟಲುಗಳಿಗೆ, ಮಂದ ಬೆಳಕಿನಲ್ಲಿ ಮಾತ್ರ ಅರ್ಥವಾಗುವ ಚಿನ್ನದ ಕುಸುರಿಗೆ, ರಂಗಭೂಮಿಗೆ ಹರಿಯುತ್ತದೆ. ಈ ಎಲ್ಲದರ ಎದುರಿಗೆ ಅವನು ನಿಲ್ಲಿಸುವುದು ಬಲ್ಬಿನ ಬೆಳಕನ್ನು. ಟಂಗ್‌ಸ್ಟನ್ ತಂತಿಯ ಬಲ್ಬು ಹುಟ್ಟಿದ್ದು 1904ರ ಸುಮಾರಿಗೆ. ಹಳೆಯ ಇಂಗಾಲದ ಎಳೆಗಿಂತ ಹೆಚ್ಚು ಪ್ರಕಾಶ, ಕಡಿಮೆ ಕರೆಂಟು. ಅದು ಮನೆಮನೆಗೆ ಹೊಕ್ಕು ಮೂಲೆಯ ಕತ್ತಲನ್ನು ಗುಡಿಸಿ ಹಾಕುವುದನ್ನು ಕಂಡ ತಲೆಮಾರು ತನಿಝಾಕಿಯದು.

ಇದನ್ನು ಹಳೆಯ ಕಾಲದ ಹಂಬಲ ಎಂದು ಬದಿಗಿಡುವವರು ಅದರ ಅತ್ಯಂತ ಹರಿತವಾದ ಪುಟವನ್ನು ಮರೆಯುತ್ತಾರೆ. ಅಲ್ಲಿ ತನಿಝಾಕಿ ಫೌಂಟನ್ ಪೆನ್ನಿನ ಬಗ್ಗೆ ಒಂದು ಊಹೆ ಮಾಡುತ್ತಾನೆ. ಈ ಪೆನ್ನನ್ನು ಹಿಂದಿನ ಕಾಲದ ಚೀನೀಯನೋ ಜಪಾನೀಯನೋ ಕಂಡುಹಿಡಿದಿದ್ದರೆ ಅದರ ತುದಿಯಲ್ಲಿ ಲೋಹದ ನಿಬ್ಬು ಇರುತ್ತಿರಲಿಲ್ಲ, ಕುಂಚ ಇರುತ್ತಿತ್ತು. ಶಾಯಿ ನೀಲಿಯಾಗುವ ಬದಲು ಕಪ್ಪಾಗಿರುತ್ತಿತ್ತು. ಅದಕ್ಕೆ ಒಪ್ಪುವ ಮೆತ್ತನೆಯ ಕಾಗದ ಬರುತ್ತಿತ್ತು. ಕೊನೆಗೆ ಸಾಹಿತ್ಯವೂ ಬೇರೆ ದಾರಿ ಹಿಡಿಯುತ್ತಿತ್ತೇನೋ. ಯಂತ್ರ ಬೇಡ ಎಂದು ಅವನು ಇಲ್ಲಿ ಹೇಳುತ್ತಿಲ್ಲ. ಯಾರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಯಂತ್ರವನ್ನು ಮಾಡಿದರು ಎಂದು ಕೇಳುತ್ತಿದ್ದಾನೆ. ಒತ್ತಕ್ಷರ, ಗುಣಿತಗಳ ನಮ್ಮ ಲಿಪಿಯನ್ನು ರೋಮನ್ ಅಕ್ಷರಕ್ಕಾಗಿ ಹುಟ್ಟಿದ ಟೈಪ್‌ರೈಟರಿಗೆ ಹೊಂದಿಸಲು ಪಟ್ಟ ಪಾಡು ಗೊತ್ತಿದ್ದವರಿಗೆ ಈ ಪ್ರಶ್ನೆಯ ತೂಕ ಗೊತ್ತು.

ವಿದ್ಯುತ್ತಿನ ಬಗ್ಗೆ ಇದೇ ಪ್ರಶ್ನೆ ಕೇಳಿದರೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳು ಅದರ ಬೆಳಕು ಕಂಡದ್ದು 1905ರಲ್ಲಿ. ಜಲಪಾತವಿರುವ ಮಳವಳ್ಳಿ ತಾಲ್ಲೂಕಿನದೇ ಒಂದು ಹಳ್ಳಿ ನನ್ನ ಅಜ್ಜಿಯದು. ಅವಳು ಹುಟ್ಟಿ, ಬೆಳೆದು, ಮದುವೆಯಾಗಿ, ಎರಡು ಮಕ್ಕಳ ತಾಯಿಯಾದ ಮೇಲೆ ಆ ಊರಿಗೆ ಕರೆಂಟು ಬಂತು.

ಒಂದು ರಜೆಯಲ್ಲಿ ಊರಿಗೆ ಹೋದಾಗ ರಾತ್ರಿ ಕರೆಂಟು ಹೋಯಿತು. ಜಗಲಿಯ ಮೇಲೆ ಕೂತು ಅಜ್ಜಿಗೆ ತನಿಝಾಕಿಯ ಮಾತನ್ನು ನನಗೆ ತಿಳಿದಂತೆ ವಿವರಿಸಿದೆ. ಕತ್ತಲು, ದೀಪ, ಕೈ ತಾಗಿ ತಾಗಿ ಹಳೆಯ ವಸ್ತುಗಳಿಗೆ ಬರುವ ಜಿಡ್ಡಿನ ಹೊಳಪು ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, “ಅದ್ಸರಿ ಕಣ್ ಮಗ, ಅವ್ನ ಮನೇಲಿ ಲಾಟೀನ್ ಗಲಾಸು ಒರುಸ್ತಿದ್ದೋರು ಯಾರು?” ಅಂದಳು.

ಅವಳ ತವರಿನಲ್ಲಿ ಆ ಕೆಲಸ ಅವಳದೇ ಆಗಿತ್ತಂತೆ. ಗ್ಲಾಸಿನೊಳಗೆ ತೂರುವಷ್ಟು ಸಣ್ಣ ಕೈ ಇದ್ದದ್ದು ಅವಳಿಗೆ. ದಿನಾ ಸಂಜೆ ಒಲೆಯ ಬೂದಿ, ಹಳೆಯ ಬಟ್ಟೆಯ ಚೂರು ಹಿಡಿದು ಕೂರಬೇಕು. ಒಡೆದರೆ ಬೈಗುಳ, ಮಸಿ ಉಳಿದರೂ ಬೈಗುಳ.

ಆ ಪ್ರಶ್ನೆಯ ನಂತರ ನಾನು ಪ್ರಬಂಧವನ್ನು ಮೊದಲಿನಂತೆ ಓದಲಾಗಲಿಲ್ಲ. ಮರದ ನೆಲದ ಶೌಚಾಲಯವನ್ನು ಎಷ್ಟು ತಿಕ್ಕಿದರೂ ಕೊಳೆ ಕಾಣುತ್ತದೆ, ಹಾಗಾಗಿ ಬಿಳಿ ಟೈಲ್ಸೇ ಅನುಕೂಲ ಎಂದು ತನಿಝಾಕಿ ಒಪ್ಪಿಕೊಳ್ಳುತ್ತಾನೆ. ತಿಕ್ಕುವವರು ಯಾರು ಎಂಬ ಕಡೆಗೆ ಹೋಗುವುದಿಲ್ಲ. ತನ್ನ ತಾಯಿಯನ್ನು ನೆನೆಯುವಾಗ, ಆ ಕತ್ತಲ ಮನೆಯಲ್ಲಿ ಅವಳ ಮುಖ, ಕೈ ಬಿಟ್ಟರೆ ಮೈ ಕಂಡ ನೆನಪೇ ಇಲ್ಲ ಎನ್ನುತ್ತಾನೆ. ಹಿಂದಿನ ಹೆಂಗಸರು ಕತ್ತಲಿನ ಭಾಗವೇ ಆಗಿದ್ದರು ಎಂಬುದು ಅವನಿಗೆ ಚೆಲುವು. ಆ ಹೆಂಗಸರಿಗೆ ಅದು ಏನಾಗಿತ್ತು? ಪೆನ್ನಿನ ಬಗ್ಗೆ ಅಷ್ಟು ಚೆನ್ನಾಗಿ ಕೇಳಿದ ಪ್ರಶ್ನೆಯನ್ನು ಅವನು ತನ್ನ ನೆರಳಿನ ಬಗ್ಗೆ ಕೇಳಿಕೊಳ್ಳಲಿಲ್ಲ. ಆ ನೆರಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದದ್ದು? ಕೂತು ನೋಡುವವರನ್ನೇ ಹೊರತು ಎದ್ದು ಒರೆಸುವವರನ್ನಲ್ಲ. ಪ್ರಬಂಧದ ಸೋಲು ಇಲ್ಲಿದೆ ಎಂದು ನನಗನ್ನಿಸುತ್ತದೆ.

ಹಾಗೆಂದು ಅಜ್ಜಿ ಬಲ್ಬಿನ ಪಕ್ಷದವಳೂ ಅಲ್ಲ. ಕರೆಂಟು ಬಂದ ವಾರವೇ ಅಡುಗೆಮನೆಯ ಗೋಡೆಯ ಮಸಿಯೆಲ್ಲ ಕಣ್ಣಿಗೆ ಹೊಡೆಯತೊಡಗಿತಂತೆ. ಅಷ್ಟು ವರ್ಷ ಯಾರಿಗೂ ಕಾಣದಿದ್ದ ಜಿಡ್ಡು ಈಗ ಅವಳ ಸೋಮಾರಿತನಕ್ಕೆ ಸಾಕ್ಷಿಯಾಯಿತು. ಗೋಡೆ ಕೆರೆದು ಸುಣ್ಣ ಬಳಿದವಳೂ ಅವಳೇ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಹೇಳುವುದೂ ಇದಕ್ಕೆ ಹತ್ತಿರದ ಮಾತು. ವ್ಯಾಕ್ಯೂಮ್ ಕ್ಲೀನರ್, ವಾಷಿಂಗ್ ಮಷೀನುಗಳು ಮೈಮುರಿಯುವ ದುಡಿಮೆಯನ್ನು ತಗ್ಗಿಸಿದವು ನಿಜ. ಆದರೆ ಸ್ವಚ್ಛತೆಯ ಅಳತೆಗೋಲು ಮೇಲೇರಿತು, ಹಿಂದೆ ಬೇರೆಯವರು ಹಂಚಿಕೊಳ್ಳುತ್ತಿದ್ದ ಕೆಲಸ ಗೃಹಿಣಿಯೊಬ್ಬಳ ಪಾಲಿಗೆ ಬಂತು. ‘ಜೀವನವನ್ನೇ ಬದಲಿಸಿದ ಆವಿಷ್ಕಾರಗಳು’ ಎಂದು ಪಟ್ಟಿ ಮಾಡುವ ಪುಸ್ತಕಗಳು ಯಾರ ಜೀವನ ಎಂಬುದನ್ನು ಬರೆಯದೆ ಬಿಡುತ್ತವೆ.

ತನಿಝಾಕಿಯ ಬಗ್ಗೆ ಒಂದು ಪ್ರಸಂಗವಿದೆ. ಇಂಗ್ಲಿಷ್ ಅನುವಾದದ ಹಿನ್ನುಡಿಯಲ್ಲಿ ಬರುವಂಥದ್ದು. ಅವನ ಮನೆಗೆ ನಕ್ಷೆ ಮಾಡಬೇಕಿದ್ದ ವಾಸ್ತುಶಿಲ್ಪಿ, “ನಿಮ್ಮ ಪ್ರಬಂಧ ಓದಿದ್ದೇನೆ, ನಿಮಗೆ ಎಂಥ ಮನೆ ಬೇಕೆಂದು ಗೊತ್ತು” ಎಂಬರ್ಥದಲ್ಲಿ ಹೇಳಿದಾಗ, ಅಂಥ ಮನೆಯಲ್ಲಿ ತಾನು ಬದುಕಲಾರೆ ಎಂದನಂತೆ. ಇದನ್ನು ಆಷಾಢಭೂತಿತನ ಎಂದು ನಗಬಹುದು. ನನಗೆ ಅದು ಪ್ರಾಮಾಣಿಕ ಉತ್ತರವಾಗಿ ಕೇಳಿಸುತ್ತದೆ. ಕಳೆದುಹೋಗುತ್ತಿರುವ ನೆರಳನ್ನು ಸಾಹಿತ್ಯದಲ್ಲಾದರೂ ಉಳಿಸಿಕೊಳ್ಳೋಣ ಎಂದೇ ಅವನು ಪ್ರಬಂಧದ ಕೊನೆಗೆ ಕೇಳುವುದು.

ಆ ಕೋರಿಕೆಯನ್ನು ನಾನು ಒಪ್ಪುತ್ತೇನೆ. ಪ್ರಬಂಧವನ್ನು ಇನ್ನೂ ಓದದ ಗೆಳೆಯರಿಗೆ ಓದಿ ಎಂದೇ ಹೇಳುತ್ತೇನೆ, ಸಾಧ್ಯವಾದರೆ ಒಂದೇ ಕೂರಿಕೆಯಲ್ಲಿ. ಆದರೆ ಅರಗಿನ ಬಟ್ಟಲಿನ ಹೊಳಪಿಗೆ ಮರುಳಾಗುವ ಪುಟ ಬಂದಾಗ ಒಂದು ಕ್ಷಣ ನಿಲ್ಲಿ. ಅದನ್ನು ಊಟವಾದ ಮೇಲೆ ಕತ್ತಲಲ್ಲಿ ತೊಳೆದಿಟ್ಟವರು ಯಾರು ಎಂದು ಕೇಳಿಕೊಂಡು ಮುಂದಕ್ಕೆ ಹೋಗಿ.