ಯಶವಂತ ಸರದೇಶಪಾಂಡೆಯವರ ನಗೆನಾಟಕ: ಒಂದು ವಿವೇಚನೆ

ನಗಿಸುವವನ ಕಲೆಯನ್ನು ಕುರಿತು ಗಂಭೀರವಾಗಿ ಬರೆಯುವ ವಾಡಿಕೆ ನಮ್ಮ ವಿಮರ್ಶೆಯಲ್ಲಿ ಕಡಿಮೆ. ದುರಂತ ನಾಟಕದ ನಾಯಕನಿಗೆ ಹತ್ತು ಪುಟ ದೊರೆತರೆ, ಸಭೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ನಟನಿಗೆ ಒಂದು ಸಾಲಿನ ಮೆಚ್ಚಿಕೆ ದೊರೆತು ಮುಗಿಯುವದು. 2025ನೆಯ ಇಸವಿಯ ಸಪ್ಟೆಂಬರ್ 29ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಶ್ರೀ ಯಶವಂತ ಸರದೇಶಪಾಂಡೆಯವರನ್ನು ‘ಜನಪ್ರಿಯ ಹಾಸ್ಯನಟ’ ಎಂದು ಕರೆದು ಸುಮ್ಮನಾಗುವದು ಸುಲಭ. ಆದರೆ ಆ ಹಾಸ್ಯ ಯಾವ ಬಗೆಯದು, ಸೊಲ್ಲಾಪುರ-ಅಕ್ಕಲಕೋಟೆಗಳ ಕನ್ನಡಿಗರಾದ ನಮಗೆ ಅದರಿಂದಾದ ಉಪಕಾರವೇನು, ಅದರ ಕೊರತೆಯೇನು ಎಂದು ಕೇಳಿಕೊಂಡಾಗಲೇ ಆ ನಟನಿಗೆ ಸಲ್ಲಬೇಕಾದ ಗೌರವ ಸಲ್ಲುವದು. ಆ ಕೆಲಸವನ್ನು ಇಲ್ಲಿ ಯಥಾಶಕ್ತಿ ಮಾಡಬಯಸುತ್ತೇವೆ.

ಮೊದಲು ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ತಾಲೂಕಿನ ಒಂದು ಕನ್ನಡ ಸಾಲೆಯ ಸ್ನೇಹಸಮ್ಮೇಲನಕ್ಕೆ ನಾವು ಹೋಗಿದ್ದೆವು. ಮಕ್ಕಳು ಒಂದು ಪ್ರಹಸನವನ್ನು ಆಡಿದರು. ಯಜಮಾನ, ಯಜಮಾನಿ, ಡಾಕ್ಟರು ಇವರೆಲ್ಲ ಕಿರುತೆರೆಯ ಧಾರಾವಾಹಿಗಳಲ್ಲಿ ಕೇಳಿಬರುವ ಬೆಂಗಳೂರಿನ ಕನ್ನಡವನ್ನು ಬಲು ಕಷ್ಟದಿಂದ ಆಡುತ್ತಿದ್ದರು. ಆಳಿನ ಪಾತ್ರದ ಹುಡುಗ ಮಾತ್ರ ಒಳಗೆ ಬಂದು, “ಏನ್ ಮಾಡ್ಲಾಕತ್ತೀರಿ ಸಾವ್ಕಾರ್ರ?” ಎಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆ ಮಾತಿನಲ್ಲಿ ನಗುವಂಥದು ಏನೂ ಇರಲಿಲ್ಲ. ಹುಡುಗನು ತನ್ನ ಮನೆಯಲ್ಲಿ ಆಡುವ ಮಾತನ್ನೇ ಆಡಿದ್ದ. ನಕ್ಕ ತಾಯಿತಂದೆಗಳೂ ಮನೆಗೆ ಹೋಗಿ ಅದೇ ಮಾತನ್ನು ಆಡತಕ್ಕವರು. ಸಭೆಯೊಡನೆ ನಾವೂ ನಕ್ಕೆವು. ಮರಳಿ ಬರುವಾಗ ಮಾತ್ರ, ನಾವು ಯಾರನ್ನು ಕುರಿತು ನಕ್ಕೆವು ಎಂಬ ಪ್ರಶ್ನೆ ನಮ್ಮನ್ನು ಕಾಡಿತು. ಯಶವಂತರ ನಾಟಕಗಳನ್ನು ನೆನೆದಾಗ ಆ ಪ್ರಶ್ನೆಗೆ ಅರ್ಧ ಉತ್ತರವಾದರೂ ದೊರೆಯುವದೆಂದು ನಮ್ಮ ನಂಬಿಗೆ.

ಯಶವಂತರು ಹುಟ್ಟಿದ್ದು 1965ರಲ್ಲಿ, ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿನ ಉಕ್ಕಲಿಯಲ್ಲಿ. ಆ ಸೀಮೆಯ ಮಾತಿಗೂ ನಮ್ಮ ಅಕ್ಕಲಕೋಟೆಯ ಮಾತಿಗೂ ಅಂತರ ಬಹಳಿಲ್ಲ. ಅವರು ನಾಟ್ಯಶಿಕ್ಷಣ ಪಡೆದದ್ದು ಮಲೆನಾಡಿನ ಹೆಗ್ಗೋಡಿನಲ್ಲಿ, ಶ್ರೀ ಕೆ. ವಿ. ಸುಬ್ಬಣ್ಣನವರು ಬೆಳೆಸಿದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ. ಅಲ್ಲಿ ಕಲಿತವರು ಗ್ರೀಕ್ ನಾಟಕವನ್ನೂ ಸಂಸ್ಕೃತ ನಾಟಕವನ್ನೂ ಅಭ್ಯಾಸ ಮಾಡಿ ಹೊರಬೀಳುವರು. ಅಂಥ ಶಿಕ್ಷಣ ಪಡೆದು ಹುಬ್ಬಳ್ಳಿಗೆ ಬಂದು ನಿಂತು, ಗುರು ಸಂಸ್ಥೆಯನ್ನು ಕಟ್ಟಿ, ಟಿಕೀಟು ಕೊಂಡು ಬರುವ ಸಾಮಾನ್ಯ ಪ್ರೇಕ್ಷಕನನ್ನೇ ನೆಚ್ಚಿ ನಗೆನಾಟಕ ಆಡುವದು ಸಣ್ಣ ನಿರ್ಧಾರವಲ್ಲ. ಅವರು ನಿರ್ದೇಶಿಸಿದ ನಾಟಕಗಳು ಅರುವತ್ತಕ್ಕೂ ಮಿಕ್ಕಿದವು. ಕಿರುತೆರೆಯಲ್ಲಿ, ಚಲನಚಿತ್ರದಲ್ಲಿಯೂ ದುಡಿದರು. ಅವರ ಪತ್ನಿ ಶ್ರೀಮತಿ ಮಾಲತಿ ಸರದೇಶಪಾಂಡೆಯವರೂ ರಂಗಭೂಮಿ ಮತ್ತು ಕಿರುತೆರೆಗಳ ನಟಿ. ಆದರೆ ಯಶವಂತರ ನಿಜವಾದ ಮನೆ ರಂಗಮಂಚವೇ ಆಗಿತ್ತು.

ಅವರ ಹೆಸರನ್ನು ಊರೂರಿಗೆ ಮುಟ್ಟಿಸಿದ ನಾಟಕಗಳಲ್ಲಿ ಎರಡರ ಮೂಲ ಮರಾಠಿ. ಶ್ರೀ ದೇವೇಂದ್ರ ಪೇಮ ಅವರ ‘ಆಲ್ ದಿ ಬೆಸ್ಟ್’ 1993ರಲ್ಲಿ ಮರಾಠಿ ರಂಗಭೂಮಿಗೆ ಬಂದಿತು. ಶ್ರೀ ಕೇದಾರ ಶಿಂದೆಯವರ ‘ಸಹೀ ರೇ ಸಹೀ’ 2002ರಲ್ಲಿ. ಹುತಾತ್ಮಾ ಸ್ಮೃತಿಮಂದಿರದಲ್ಲಿ ಮರಾಠಿ ನಾಟಕ ನೋಡಿ ಬೆಳೆದ ಸೊಲ್ಲಾಪುರದ ಕನ್ನಡಿಗರಿಗೆ ಇವು ಹೊಸ ಹೆಸರುಗಳಲ್ಲ. “ಮರಾಠಿಯಿಂದ ತಂದದ್ದರಲ್ಲಿ ಹೆಚ್ಚಿನದೇನು?” ಎಂದು ಕೆಲವರು ಕೇಳಬಹುದು. ಅಂಥವರು ಇತಿಹಾಸವನ್ನು ತುಸು ನೆನೆಯಬೇಕು. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದ್ದು, ಅಲ್ಲಿಗೆ ಬಂದಿದ್ದ ಕರ್ನಾಟಕದ ಭಾಗವತರ ಆಟದ ಪ್ರೇರಣೆಯಿಂದ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ನಾಟಕದ ವೈಭವವನ್ನು ಕಂಡು, ಕನ್ನಡಕ್ಕೂ ಇಂಥದು ಬೇಕೆಂದು ಗದುಗಿನ ಶಾಂತಕವಿಗಳು ಕನ್ನಡ ನಾಟಕ ಬರೆದು ಆಡಿಸಿದರು. ಈ ಕೊಡುಕೊಳ್ಳುವಿಕೆಯ ಲೆಕ್ಕ ಇನ್ನೂ ಮುಗಿದಿಲ್ಲ. ಆದ್ದರಿಂದ ‘ತಂದದ್ದು’ ಎಂಬುದು ಆಕ್ಷೇಪಣೆಯಲ್ಲ. ತಂದದ್ದನ್ನು ಹೇಗೆ ತಮ್ಮದನ್ನಾಗಿ ಮಾಡಿಕೊಂಡರೆಂಬುದೇ ವಿಚಾರಣೀಯ.

‘ಆಲ್ ದಿ ಬೆಸ್ಟ್’ ನಾಟಕದ ಕಟ್ಟಡವನ್ನು ನೋಡಿರಿ. ಮೂವರು ಗೆಳೆಯರು ಒಂದೇ ಮನೆಯಲ್ಲಿ ಇರುವರು. ಒಬ್ಬನಿಗೆ ಕಣ್ಣಿಲ್ಲ, ಒಬ್ಬನಿಗೆ ಕಿವಿಯಿಲ್ಲ, ಒಬ್ಬನಿಗೆ ಮಾತಿಲ್ಲ. ಮೂವರೂ ಒಬ್ಬಳೇ ಹುಡುಗಿಯನ್ನು ಮೆಚ್ಚುವರು. ಮೂಕನು ಮಾಡಿದ ಸನ್ನೆ ಕುರುಡನಿಗೆ ಕಾಣದು. ಕುರುಡನು ಆಡಿದ ಮಾತು ಕಿವುಡನಿಗೆ ಕೇಳಿಸದು. ಹೀಗೆ ಹಲವು ಸಲ ಇಬ್ಬರ ನಡುವೆ ಮಾತು ನಡೆಯಬೇಕಾದರೆ ಮೂರನೆಯವನು ಬೇಕಾಗುವನು. ಆ ಮೂರನೆಯವನಾದರೋ ಪ್ರೇಮದಲ್ಲಿ ಪ್ರತಿಸ್ಪರ್ಧಿ! ನಗೆಯ ಬುಗ್ಗೆ ಇರುವದು ಇಲ್ಲಿ. ಇದನ್ನು ‘ಸನ್ನಿವೇಶ ಹಾಸ್ಯ’ ಎನ್ನಬಹುದು. ಕಿರುತೆರೆಯವರು ‘ಸಿಟ್‌ಕಾಮ್’ ಎನ್ನುವದೂ ಇದೇ ಜಾತಿಯದು. ಇದರಲ್ಲಿ ವಿದೂಷಕನು ಚಮತ್ಕಾರದ ಮಾತು ಆಡಬೇಕಾಗಿಲ್ಲ. ಪಾತ್ರಗಳು ತಮ್ಮ ಪಾಡಿಗೆ ತಾವು ಗಂಭೀರವಾಗಿಯೇ ನಡೆದುಕೊಳ್ಳುವವು; ಸನ್ನಿವೇಶ ಅವರನ್ನು ಸಿಕ್ಕಿಸುವದು.

ಆದರೆ ಸನ್ನಿವೇಶ ಮಾತ್ರವೇ ಸಾಕಾಗಿದ್ದರೆ ಭಾಷಾಂತರಕಾರನೊಬ್ಬನೇ ಸಾಲುತ್ತಿದ್ದ. ಯಶವಂತರು ಅದರೊಳಗೆ ತುಂಬಿದ್ದು ಉತ್ತರ ಕರ್ನಾಟಕದ ಜವಾರಿ ಮಾತು. ಈ ಮಾತಿನ ಗುಣವನ್ನು ಬಲ್ಲವರೇ ಬಲ್ಲರು. ‘ಶಾಣ್ಯಾ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಮರಾಠಿಯೊಡನೆ ನಾವು ಹಂಚಿಕೊಂಡ ಶಬ್ದವಿದು, ಅರ್ಥ ಜಾಣನೆಂದು. ಆದರೆ “ಭಾಳ ಶಾಣ್ಯಾ ಇದ್ದೀ ಬಿಡಪಾ” ಎಂದರೆ, ಹೊಗಳಿಸಿಕೊಂಡವನು ತಲೆ ತಗ್ಗಿಸುವನು. “ಏನ್ರೀ ಶಾಣ್ಯಾರ” ಎಂದು ಬಹುವಚನ ಸೇರಿಸಿದರಂತೂ ಮುಗಿದೇ ಹೋಯಿತು. ಮರ್ಯಾದೆಯ ಮಾತಿನಿಂದಲೇ ಮರ್ಯಾದೆ ಕಳೆಯುವ, ಬೈಗುಳಿನಿಂದಲೇ ಪ್ರೀತಿ ತೋರುವ ಈ ನುಡಿಗಟ್ಟು ನಗೆನಾಟಕಕ್ಕೆ ಹೇಳಿ ಮಾಡಿಸಿದ್ದು.

ಇಲ್ಲಿ ಎರಡನೆಯ ನಾಟಕದ ಹೆಸರನ್ನು ಗಮನಿಸಬೇಕು. ಮರಾಠಿಯ ‘ಸಹೀ ರೇ ಸಹೀ’ ಯಶವಂತರ ಕೈಯಲ್ಲಿ ‘ಸಹಿ ರೀ ಸಹಿ’ ಆಯಿತು. ಬದಲಾದದ್ದು ಒಂದೇ ಸ್ವರ. ಆದರೆ ಮರಾಠಿಯ ‘ರೇ’ ಸಲಿಗೆಯದು, ಓರಗೆಯವನನ್ನು ಕೂಗುವದು. ನಮ್ಮ ‘ರೀ’ ಮರ್ಯಾದೆಯದು. ಹೆಂಡತಿ ಗಂಡನಿಗೆ, ಅಂಗಡಿಯವನು ಗಿರಾಕಿಗೆ, ವಿದ್ಯಾರ್ಥಿ ಗುರುಗಳಿಗೆ ಅನ್ನುವ ‘ರೀ’ ಇದು. ಮೂಲದ ‘ಸಹೀ’ ಶಬ್ದಕ್ಕಿರುವ ಎರಡು ಅರ್ಥಗಳು, ರುಜು ಎಂಬುದೂ ‘ಭಲೆ’ ಎಂಬುದೂ, ಕನ್ನಡದ ಕಿವಿಗೂ ತಿಳಿಯುವವು. ಒಂದಕ್ಷರವನ್ನು ತಿದ್ದಿದ್ದರಿಂದ ಹೆಸರು ನಮ್ಮ ಓಣಿಯದಾಯಿತು. ಭಾಷಾಂತರವೆಂದರೆ ಶಬ್ದಕ್ಕೆ ಶಬ್ದ ಇಡುವದಲ್ಲ, ಸಂಬಂಧಕ್ಕೆ ಸಂಬಂಧ ಇಡುವದು ಎಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆಯನ್ನು ನಾವು ಕಾಣೆವು. ಕನ್ನಡದ ಗುರುಗಳು ಇದನ್ನು ತರಗತಿಯಲ್ಲಿ ಉದಾಹರಿಸಬಹುದು.

ಈ ನಾಟಕ ನಟನ ಪರೀಕ್ಷೆಯೂ ಹೌದು. ಮರಾಠಿಯಲ್ಲಿ ಶ್ರೀ ಭರತ ಜಾಧವರು ಒಂದೇ ಮುಖದ ಹಲವು ಜನರಾಗಿ, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ವೇಷ ಬದಲಿಸಿ ಬಂದು ಕೀರ್ತಿ ಗಳಿಸಿದರು. ಕಿರುತೆರೆಯಲ್ಲಿಯೂ ಇಂಥ ಸಾಹಸ ನಡೆದದ್ದುಂಟು. 1984ರಲ್ಲಿ ದೂರದರ್ಶನದಲ್ಲಿ ಮೊದಲಾದ ‘ಯೇ ಜೋ ಹೈ ಜಿಂದಗಿ’ಯಲ್ಲಿ ಸತೀಶ ಶಹಾ ಅವರು ಕಂತಿಗೊಂದು ಹೊಸ ಪಾತ್ರವಾಗಿ ಬರುತ್ತಿದ್ದರು. ಆದರೆ ಅಲ್ಲಿ ವೇಷಕ್ಕೆ ಬೇಕಾದಷ್ಟು ಬಿಡುವು ಉಂಟು. ರಂಗದ ಮೇಲೆ ಬಿಡುವಿಲ್ಲ. ಅಲ್ಲಿ ವೇಷಕ್ಕಿಂತ ಮೊದಲು ನಡಿಗೆ ಬದಲಾಗಬೇಕು, ನಡಿಗೆಗಿಂತ ಮೊದಲು ಧ್ವನಿ ಬದಲಾಗಬೇಕು. ಯಶವಂತರು ಒಬ್ಬರೇ ನಿಂತು ಆಡುತ್ತಿದ್ದ ‘ರಾಶಿಚಕ್ರ’ದಲ್ಲಿಯೂ ಇದೇ ವಿದ್ಯೆ. ಮರಾಠಿಯಲ್ಲಿ ಶ್ರೀ ಶರದ ಉಪಾಧ್ಯೆಯವರ ಅದೇ ಹೆಸರಿನ ಕಾರ್ಯಕ್ರಮ ಪ್ರಸಿದ್ಧವಾದುದು. ಹನ್ನೆರಡು ರಾಶಿಗಳ ಹೆಸರಿನಲ್ಲಿ ಹನ್ನೆರಡು ಬಗೆಯ ಮನುಷ್ಯರು ಬರುವರು. ಪ್ರೇಕ್ಷಕನು ಜ್ಯೋತಿಷ್ಯವನ್ನು ನಂಬಲಿ ಬಿಡಲಿ, ತನ್ನ ಮಾವನನ್ನೋ ನೆರೆಯವನನ್ನೋ ಗುರುತಿಸಿ ನಗುವನು.

ಕಿರುತೆರೆಯ ನಗೆಗೂ ಈ ನಗೆಗೂ ಇರುವ ಭೇದವನ್ನು ಇಲ್ಲಿ ಹೇಳಬೇಕು. 2000ದ ನಂತರದ ವರ್ಷಗಳಲ್ಲಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಮೊದಲಾದ ಹಾಸ್ಯ ಧಾರಾವಾಹಿಗಳು ಕನ್ನಡಿಗರ ಮನೆಮನೆಗಳನ್ನು ಮುಟ್ಟಿದವು. ಅವುಗಳ ಶ್ರಮವನ್ನು ನಾವು ಹಗುರಾಗಿ ಕಾಣುವದಿಲ್ಲ. ನಿತ್ಯವೂ ಹೊಸ ಸನ್ನಿವೇಶ ಹೊಸೆಯುವದು ಸಾಮಾನ್ಯವಲ್ಲ. ಆದರೆ ಪೆಟ್ಟಿಗೆಯೊಳಗಿನ ನಟನಿಗೆ ಪ್ರೇಕ್ಷಕನು ಕಾಣನು. ಎಲ್ಲಿ ನಗಬೇಕೆಂಬುದನ್ನು ಮುದ್ರಿಸಿಟ್ಟ ನಗೆ ಹೇಳಿಕೊಡುವದು. ರಂಗದ ನಟನಾದರೋ ಸಭೆಯ ನಗೆ ಏರುವದನ್ನು ಕೇಳಿ ತಡೆಯುವನು, ಇಳಿಯುವಾಗ ಮುಂದಿನ ಮಾತನ್ನು ಇಡುವನು. ಒಂದು ಕ್ಷಣ ಮುಂಚೆ ಆಡಿದರೆ ಮಾತು ನಗೆಯಲ್ಲಿ ಮುಳುಗುವದು, ಒಂದು ಕ್ಷಣ ತಡವಾದರೆ ಆರಿಹೋಗುವದು. ಇನ್ನೊಂದು ಭೇದ ನುಡಿಯದು. ಧಾರಾವಾಹಿಗಳ ನುಡಿ ಬಹುಮಟ್ಟಿಗೆ ಬೆಂಗಳೂರಿನದು. ಉತ್ತರದ ಮಾತು ಆಳಿನ, ಪೆದ್ದನ, ಹಳ್ಳಿಯಿಂದ ಬಂದ ನಂಟನ ಬಾಯಲ್ಲಿ ಮಾತ್ರ ಕೇಳಿಬರುವದು ಹೆಚ್ಚು. ಹಾಗಾದಾಗ ನುಡಿಯೇ ನಗೆಗೀಡು. ಅಕ್ಕಲಕೋಟೆಯ ಆ ಸಾಲೆಯ ಮಕ್ಕಳು ಕಲಿತದ್ದು ಈ ಪಾಠವನ್ನೇ.

ಯಶವಂತರ ರಂಗದ ಮೇಲೆ ಪ್ರೇಮಿಯೂ ಅದೇ ಮಾತು ಆಡುವನು, ಸಾಹುಕಾರನೂ ಅದೇ ಮಾತು ಆಡುವನು. ಎಲ್ಲರೂ ಅದೇ ಮಾತು ಆಡಿದಾಗ ಮಾತನ್ನು ಕುರಿತು ನಗುವದು ನಿಲ್ಲುತ್ತದೆ. ಆ ಮಾತಿನೊಳಗಿಂದ ನಗುವದು ಮೊದಲಾಗುತ್ತದೆ. ಅವರ ಸಾಧನೆಯ ತಿರುಳು ಇದೇ ಎಂದು ನಮ್ಮ ಅಭಿಪ್ರಾಯ. 2005ರಲ್ಲಿ ಬಂದ ‘ರಾಮ ಶಾಮ ಭಾಮ’ ಚಲನಚಿತ್ರದಲ್ಲಿ ಶ್ರೀ ಕಮಲಹಾಸನರು ಹುಬ್ಬಳ್ಳಿಯ ಕನ್ನಡ ಆಡಿದರು. ಆ ಮಾತುಗಳ ಸಲುವಾಗಿ ಯಶವಂತರ ಹೆಸರು ನಾಡಿಗೆಲ್ಲ ತಿಳಿಯಿತು. ಅದರ ಮೂಲವಾದ ತಮಿಳು ಚಿತ್ರದಲ್ಲಿ ಅದೇ ನಟರು ಕೊಯಮತ್ತೂರು ಸೀಮೆಯ ತಮಿಳನ್ನು ಆಡಿದ್ದರು. ಆ ಸೀಮೆಯ ಮಾತಿಗೆ ಸಮನಾಗಿ ಈ ಸೀಮೆಯ ಮಾತನ್ನು ತಂದಿರಿಸಿದ್ದು ಅರ್ಥಪೂರ್ಣ. ಅಲ್ಲಿ ಆ ಮಾತು ಆಡುವವನು ಆಳಲ್ಲ, ಡಾಕ್ಟರು.

ಗುಣ ಹೇಳಿದ ಮೇಲೆ ದೋಷವನ್ನು ಮುಚ್ಚಿಡುವದು ವಿಮರ್ಶೆಯಲ್ಲ. ಅಂಗವೈಕಲ್ಯವನ್ನು ನಗೆಗೆ ವಸ್ತುವಾಗಿ ಇಟ್ಟುಕೊಂಡ ನಾಟಕ ಕತ್ತಿಯ ಅಂಚಿನ ಮೇಲಿನ ನಡಿಗೆ. ಮೂವರು ಗೆಳೆಯರ ಉಪಾಯ ನಮ್ಮನ್ನು ನಗಿಸುವವರೆಗೆ ಅದು ಹಾಸ್ಯ. ಅವರ ಊನವೇ ನಗಿಸತೊಡಗಿದರೆ ಅದು ಅಣಕ. ನಮ್ಮ ಸಾಲೆಗಳಲ್ಲಿ ಇದನ್ನು ಆಡಿಸುವವರು ಈ ಗೆರೆಯನ್ನು ಮರೆಯಬಾರದು, ಏಕೆಂದರೆ ಕಿವಿ ಕೇಳದ ಮಗು ನಮ್ಮ ಸಭೆಯಲ್ಲಿಯೇ ಕುಳಿತಿರಬಹುದು. ಜನಪ್ರಿಯ ನಗೆನಾಟಕಕ್ಕೆ ಅಂಟಿದ ಇನ್ನೊಂದು ದೋಷ, ಅಂದಂದಿನ ಸುದ್ದಿಯ ಚಟಾಕಿಗಳನ್ನು ನಡುನಡುವೆ ಸೇರಿಸುವದು. ಅದರಿಂದ ಸಭೆ ಹಿಗ್ಗುವದು ನಿಜ, ಆದರೆ ಸನ್ನಿವೇಶದ ಬಿಗಿ ಸಡಲುವದು. ಎಲ್ಲಕ್ಕೂ ಮಿಗಿಲಾದದ್ದು, ನಾವು ಇಲ್ಲಿ ವಿವೇಚಿಸಿದ ಎರಡು ನಾಟಕಗಳಲ್ಲಿ ಮಾತು ನಮ್ಮದಾದರೂ ಕಥೆ ಬೇರೆಡೆಯದು ಎಂಬುದು. ಮುಂಬಯಿಯ ಬಾಡಿಗೆಮನೆಯ ಕಥೆಗೆ ಹುಬ್ಬಳ್ಳಿಯ ನಾಲಗೆ ಬಂದಿತು. ನಮ್ಮ ಭೀಮಾತೀರದ ಜಾತ್ರೆ, ಸಂತೆ, ಕೋರ್ಟು-ಕಚೇರಿಗಳ ಕಥೆ ಆ ನಾಲಗೆಯನ್ನು ಇನ್ನೂ ಕಾಯುತ್ತಲಿದೆ.

ಆ ಕೆಲಸ ಆಗದಿರಲು ಕಾರಣವಿಲ್ಲ. ಕನ್ನಡ ನಾಟಕಕ್ಕೆ ಹೊಸ ದಾರಿ ತೋರಿದ ಶ್ರೀರಂಗರು ಹುಟ್ಟಿದ್ದು ನಮಗೆ ಹತ್ತಿರದ ಇಂಡಿ ತಾಲೂಕಿನ ಅಗರಖೇಡದಲ್ಲಿ. ಆಡುಮಾತಿನಿಂದಲೇ ಕಾವ್ಯ ಕಟ್ಟಿದ ಬೇಂದ್ರೆಯವರು 1944ರಿಂದ 1956ರವರೆಗೆ ಪಾಠ ಹೇಳಿದ್ದು ಇದೇ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ. ಮನೆಯ ಮಾತು ಕಾವ್ಯಕ್ಕೆ ಸಾಕಾಗುವದೆಂದು ಬೇಂದ್ರೆಯವರು ತೋರಿಸಿಕೊಟ್ಟರು. ಸಾವಿರ ಜನರನ್ನು ಎರಡು ತಾಸು ಕೂಡ್ರಿಸಿ ನಗಿಸಲಿಕ್ಕೂ ಸಾಕಾಗುವದೆಂದು ಯಶವಂತರು ತೋರಿಸಿದರು. ಇಬ್ಬರ ತೂಕ ಒಂದೇ ಎಂದು ನಾವು ಹೇಳುವದಿಲ್ಲ, ದಿಕ್ಕು ಒಂದೇ ಎನ್ನುತ್ತೇವೆ.

ಕೊನೆಗೆ ಗುರುಗಳಲ್ಲಿ ಒಂದು ಬಿನ್ನಹ. ಗ್ರಂಥದ ಕನ್ನಡವನ್ನು ಮಕ್ಕಳಿಗೆ ಕಲಿಸಲೇಬೇಕು. ಪರೀಕ್ಷೆಯ ಕಾಗದದ ಮೇಲೆ ‘ಮಾಡುತ್ತಿದ್ದೇನೆ’ ಎಂದೇ ಬರೆಯಬೇಕು. ಆದರೆ ಮುಂದಿನ ಸ್ನೇಹಸಮ್ಮೇಲನದಲ್ಲಿ ಒಂದು ಪ್ರಹಸನವನ್ನಾದರೂ ಮಕ್ಕಳೇ ತಮ್ಮ ಊರಿನ ಸಂಗತಿಯಿಂದ ಹೆಣೆಯಲಿ. ಅದರಲ್ಲಿ ಡಾಕ್ಟರು, ಮಾಮಲೇದಾರರು, ಹೆಡ್ಮಾಸ್ತರರು ಎಲ್ಲರೂ “ಮಾಡ್ಲಾಕತ್ತೀನ್ರಿ” ಎನ್ನಲಿ. ಆಳಿನ ಪಾತ್ರದ ಹುಡುಗನನ್ನು ಒಂಟಿಯಾಗಿ ಬಿಡುವದು ಬೇಡ. ಆಗ ಸಭೆ ನಗುವದೋ ಇಲ್ಲವೋ ನೋಡೋಣ. ನಕ್ಕರೆ, ಆ ನಗೆ ನಮ್ಮದಾಗಿರುವದು.