ನಾಲ್ಕು ಲೋಟ ನೀರಿಗೆ ಬಿ.ಪಿ. ಇಳಿಯುವುದೇ?

ಬೆಳಗ್ಗೆ ಎದ್ದ ಕೂಡಲೇ, ಹಲ್ಲುಜ್ಜುವ ಮೊದಲೇ ನಾಲ್ಕು ಲೋಟ ನೀರು ಕುಡಿಯಿರಿ, ಮುಕ್ಕಾಲು ಗಂಟೆ ಏನೂ ತಿನ್ನಬೇಡಿ, 30 ದಿನದಲ್ಲಿ ಬಿ.ಪಿ. ವಾಸಿ. ಜಪಾನಿನ ಹೆಸರು ಹೊತ್ತ ಈ ಜಲಚಿಕಿತ್ಸೆಯ ಸಂದೇಶ ವಾಟ್ಸಾಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಅದೇ ಪಟ್ಟಿಯಲ್ಲಿ ಮಲಬದ್ಧತೆಗೆ 10 ದಿನ, ಕ್ಯಾನ್ಸರಿಗೆ 180 ದಿನ. ಎಲ್ಲ ರೋಗಕ್ಕೂ ಒಂದೇ ಮದ್ದು, ಬದಲಾಗುವುದು ದಿನದ ಲೆಕ್ಕ ಮಾತ್ರ ಎಂದಾಗಲೇ ಅನುಮಾನ ಬರಬೇಕಿತ್ತು.

ಬಿ.ಪಿ.ಯ ಮಟ್ಟಿಗೆ ಈ ಪದ್ಧತಿ ನಿಂತಿರುವುದು ಒಂದು ನಂಬಿಕೆಯ ಮೇಲೆ: ಹೆಚ್ಚು ನೀರು ಕುಡಿದರೆ ರಕ್ತದೊಳಗಿನ ಉಪ್ಪು ತೊಳೆದು ಹೋಗುತ್ತದೆ. ದೇಹ ನಡೆದುಕೊಳ್ಳುವುದು ಹಾಗಲ್ಲ. ನೀರು ಹೆಚ್ಚಾಗಿ ರಕ್ತ ತುಸು ತೆಳುವಾದೊಡನೆ ಮಿದುಳು ವ್ಯಾಸೊಪ್ರೆಸಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಮೂತ್ರಪಿಂಡಗಳು ಹೆಚ್ಚಿನ ನೀರನ್ನು ತಿಳಿಮೂತ್ರವಾಗಿ ಹೊರಗೆ ಹಾಕುತ್ತವೆ. ಸೋಡಿಯಂ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಎಂಬುದನ್ನು ಮುಖ್ಯವಾಗಿ ಬೇರೆ ಹಾರ್ಮೋನುಗಳು ನಿರ್ಧರಿಸುತ್ತವೆ. ಹಾಗಾಗಿ ಉಪ್ಪಿನಕಾಯಿ, ಹಪ್ಪಳ ತಿಂದು ಮೇಲೆ ಒಂದು ತಂಬಿಗೆ ನೀರು ಕುಡಿದರೆ ಲೆಕ್ಕ ಸರಿಹೋಗುವುದಿಲ್ಲ.

ಸಂದೇಶ ಕಳಿಸುವವರು ಕೇಳಿಯೇ ಇರದ ಸಂಗತಿ ಇನ್ನೊಂದಿದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಯೆನ್ಸ್ ಯೋರ್ಡಾನ್ ಮತ್ತು ಸಂಗಡಿಗರು, ಬಿ.ಪಿ.ಯನ್ನು ಹಿಡಿತದಲ್ಲಿಡುವ ನರವ್ಯವಸ್ಥೆ ಕೆಟ್ಟಿದ್ದ ರೋಗಿಗಳಿಗೆ 480 ಮಿ.ಲೀ. ನಲ್ಲಿಯ ನೀರು ಕುಡಿಸಿ ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿಯದು. ಅವರ ಬಿ.ಪಿ.ಯ ಮೇಲಿನ ಅಂಕಿ (ಸಿಸ್ಟಾಲಿಕ್) 30 ಅಂಕಕ್ಕೂ ಹೆಚ್ಚು ಏರಿತು! ಆರೋಗ್ಯವಂತ ವೃದ್ಧರಲ್ಲಿ ಸುಮಾರು 11 ಅಂಕ ಏರಿತು, ಯುವಕರಲ್ಲಿ ಏನೂ ಆಗಲಿಲ್ಲ. ಏರಿಕೆ ಒಂದು ಗಂಟೆಗೂ ಮೇಲೆ ಉಳಿಯಿತು. ಎದ್ದು ನಿಂತರೆ ತಲೆ ಸುತ್ತಿ ಬೀಳುವ ಇಂಥ ರೋಗಿಗಳಿಗೆ ವೈದ್ಯರು ನೀರು ಕುಡಿಯಲು ಹೇಳುವುದು ಬಿ.ಪಿ. ಏರಲಿ ಎಂದೇ. ರಕ್ತದಾನಕ್ಕೆ ಮುನ್ನ ನೀರು ಕುಡಿಸುವುದರಿಂದಲೂ ತಲೆಸುತ್ತು ಕಡಿಮೆಯಾಗುತ್ತದೆ.

ಬೇಸಿಗೆಯಲ್ಲಿ ಬೆವರಿ ಬಳಲಿದವರಿಗೆ, ವಾಂತಿಭೇದಿಯಾದವರಿಗೆ ನೀರು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬೆಳಗಿನ ಒಂದೆರಡು ಲೋಟದಿಂದ ಆರೋಗ್ಯವಂತರಿಗೆ ಕೇಡೂ ಇಲ್ಲ.

ಅಪಾಯ ಇರುವುದು ಅತಿಯಲ್ಲಿ. ಆರೋಗ್ಯವಂತರ ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚೆಂದರೆ ಸುಮಾರು ಒಂದು ಲೀಟರ್. ಅದನ್ನು ಮೀರಿ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ಕೆಳಗಿಳಿಯುತ್ತದೆ: ತಲೆನೋವು, ಗೊಂದಲ, ಕೊನೆಗೆ ಫಿಟ್ಸ್. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದವರಲ್ಲಿ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಗೆ ಸೋಡಿಯಂ ಇಳಿದಿತ್ತು. ಬಿ.ಪಿ.ಗೆ ಥಯಜೈಡ್ ಗುಂಪಿನ ಮೂತ್ರವರ್ಧಕ ಮಾತ್ರೆ ನುಂಗುವ ವಯಸ್ಸಾದವರಿಗೆ ಮ್ಯಾರಥಾನ್ ಓಡದೆಯೂ ಹೀಗಾಗಬಹುದು. ಹೃದಯ ವೈಫಲ್ಯ ಇರುವವರಲ್ಲಿ ಹೆಚ್ಚಿನ ನೀರು ಕಾಲುಬಾವು, ಉಬ್ಬಸವಾಗಿ ಕಾಣಿಸಿಕೊಳ್ಳುತ್ತದೆ.

ಚಿಕಿತ್ಸೆಯೆಂದು ತೂಗಿದರೆ ಈ ಪದ್ಧತಿ ಅನುತ್ತೀರ್ಣ. ಬಿ.ಪಿ. ಇಳಿಸುತ್ತವೆಂದು ಪರೀಕ್ಷೆಗಳಲ್ಲಿ ಸಾಬೀತಾಗಿರುವುದು ಉಪ್ಪು ತಗ್ಗಿಸುವುದು, ನಡಿಗೆ, ತೂಕ ಇಳಿಸುವುದು ಮತ್ತು ಮಾತ್ರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ. ಮನೆಯ ಹಿರಿಯರು ನೀರನ್ನು ನೆಚ್ಚಿ ಮಾತ್ರೆ ಬಿಟ್ಟಿದ್ದರೆ ಇವತ್ತೇ ಅವರ ಬಿ.ಪಿ. ನೋಡಿಸಿ, ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿಗೆ ಕರೆದೊಯ್ಯಿರಿ.