‘ಸಂವೇದನೆ’ ಎಂಬ ಶಬ್ದವೂ ಸಾರಥಿಯಿಲ್ಲದ ವಾಹನವೂ

ಚಾಲಕನಿಲ್ಲದೆ ಓಡುವ ವಾಹನಗಳನ್ನು ಕುರಿತ ಕನ್ನಡ ಬರಹಗಳಲ್ಲಿ ಅವುಗಳ ಉಪಕರಣಗಳಿಗೆ ‘ಸಂವೇದಕ’ವೆಂದೂ ಆ ಉಪಕರಣಗಳ ವ್ಯಾಪಾರಕ್ಕೆ ‘ಸಂವೇದನೆ’ಯೆಂದೂ ಹೆಸರಿಡುವುದು ರೂಢಿಯಾಗಿದೆ. ಕಾವ್ಯವಿಮರ್ಶೆಯಲ್ಲಿ ಈ ಶಬ್ದಕ್ಕೆ ಅನುಭವಿಸಿ ಅರಿಯುವುದೆಂಬ ಅರ್ಥವು ನೆಲೆಗೊಂಡಿರುವುದರಿಂದ, ಅದನ್ನು ಯಂತ್ರಕ್ಕೆ ಸಲ್ಲಿಸುವುದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ. ಇದು ಬರಿಯ ಶಬ್ದಕಲಹವಲ್ಲ.

ಲೈಡಾರ್ ಎಂಬುದು ಬೆಳಕನ್ನು ಚಿಮ್ಮಿ, ಅದು ಮರಳುವ ಕಾಲವನ್ನೆಣಿಸಿ ದೂರವನ್ನು ತಿಳಿಸುತ್ತದೆ. ರಾಡಾರ್ 77 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ತರಂಗಗಳಿಂದ ದೂರವನ್ನೂ ವೇಗವನ್ನೂ ಅಳೆಯುತ್ತದೆ. ಕ್ಯಾಮರಾ ಬಿಂಬವನ್ನು ಒದಗಿಸುತ್ತದೆ. ಇವೆಲ್ಲವೂ ಮಾಪನಗಳು. ಅಳೆದುದು ಇಂಥದೆಂದು ಗುರುತಿಸುವುದು ಗಣಕದ ಬೇರೊಂದು ಕಾರ್ಯ. ‘ಸಂವೇದನೆ’ಯು ಈ ಭೇದವನ್ನು ಮರೆಸುತ್ತದೆ.

ಭೇದವನ್ನು ಮರೆತರೆ ಆಗುವ ಹಾನಿಗೆ ಒಂದು ನಿದರ್ಶನ ಸಾಕು. 2018ರ ಮಾರ್ಚ್ 18ರ ರಾತ್ರಿ ಅಮೇರಿಕೆಯ ಟೆಂಪಿ ನಗರದಲ್ಲಿ, ಸೈಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳು ಪರೀಕ್ಷೆಯಲ್ಲಿದ್ದ ಇಂಥ ವಾಹನಕ್ಕೆ ಸಿಕ್ಕಿ ಮೃತಳಾದಳು. ಒಳಗೆ ಕುಳಿತಿದ್ದ ಮೇಲ್ವಿಚಾರಕಿಯ ಲಕ್ಷ್ಯವು ರಸ್ತೆಯ ಮೇಲಿರಲಿಲ್ಲವೆಂಬುದು ನಿಜ. ಆದರೆ ತನಿಖೆಯಿಂದ ತಿಳಿದುಬಂದ ಇನ್ನೊಂದು ಸಂಗತಿಯು ನಮ್ಮ ಪ್ರಕೃತ ವಿಷಯಕ್ಕೆ ಹತ್ತಿರವಾದುದು. ಉಪಕರಣಗಳು ಆಕೆಯನ್ನು 5.6 ಸೆಕೆಂಡು ಮೊದಲೇ ಕಂಡಿದ್ದವು. ಗಣಕವು ಮಾತ್ರ ಒಮ್ಮೆ ವಾಹನವೆಂದು, ಒಮ್ಮೆ ಅಜ್ಞಾತವಸ್ತುವೆಂದು, ಒಮ್ಮೆ ಸೈಕಲ್ಲೆಂದು ಹೆಸರು ಬದಲಿಸುತ್ತ, ಬದಲಿಸಿದಾಗಲೆಲ್ಲ ಹಿಂದಿನ ಚಲನೆಯ ಲೆಕ್ಕವನ್ನು ಕೈಬಿಟ್ಟಿತು. ಮಾಪನವಿತ್ತು, ಗುರುತು ತಪ್ಪಿತು.

ನಿಸ್ತಂತು ಸಂಪರ್ಕವು ಈ ಕೊರತೆಯನ್ನು ತುಂಬುವುದೆಂದು ಕೆಲವರು ಹೇಳುತ್ತಾರೆ. 5.9 ಗಿಗಾಹರ್ಟ್ಸ್ ಪಟ್ಟಿಯಲ್ಲಿ ವಾಹನಗಳು ತಮ್ಮ ಸ್ಥಾನವೇಗಗಳನ್ನು ಪರಸ್ಪರ ಸಾರಿಕೊಂಡರೆ, ತಿರುವಿನಾಚೆಯ ಗಾಡಿಯೂ ಗೊತ್ತಾಗುವುದು. ಇದು ಗ್ರಾಹ್ಯವೇ. ಆದರೆ ಯಂತ್ರವುಳ್ಳವನು ಮಾತ್ರ ಇಲ್ಲಿ ಮಾತನಾಡಬಲ್ಲನು. ಮಾಳಮಡ್ಡಿಯ ಓಣಿಯಲ್ಲಿ ಕಾಯಿಪಲ್ಯದ ಚೀಲ ಹಿಡಿದು ನಡೆಯುವ ಮುದುಕಿಯೂ ಬೀದಿಯ ದನವೂ ಯಾವ ಸಂದೇಶವನ್ನೂ ಕಳಿಸವು. 2025ರ ಆಗಸ್ಟ್ 10ರಂದು ಬೆಂಗಳೂರಿನಲ್ಲಿ ಉದ್ಘಾಟಿತವಾದ ಹಳದಿ ಮೆಟ್ರೋ ಮಾರ್ಗದಲ್ಲಿ ರೇಡಿಯೋ ಸಂಪರ್ಕದಿಂದ ರೈಲುಗಳನ್ನು ನಿಯಂತ್ರಿಸಬಹುದಾದುದು, ಅಲ್ಲಿ ಹಳಿಯು ರೈಲಿಗೇ ಮೀಸಲಾಗಿರುವುದರಿಂದ. ಬೀದಿಗೆ ಆ ಭಾಗ್ಯವಿಲ್ಲ.

ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜು, ಭಾರತೀಯ ವಿಜ್ಞಾನ ಸಂಸ್ಥೆ, ವಿಪ್ರೊ ಇವರು ಕೂಡಿ ನಿರ್ಮಿಸಿ 2025ರ ಅಕ್ಟೋಬರದಲ್ಲಿ ತೋರಿಸಿದ ಚಾಲಕರಹಿತ ಕಾರು ಅಭಿಮಾನಾಸ್ಪದವಾದುದು. ಅದನ್ನು ಹೊಗಳುವಾಗಲೂ ಅದು ಏನನ್ನು ಅಳೆಯಿತು, ಏನನ್ನು ಗುರುತಿಸಿತು ಎಂದು ಬೇರೆಬೇರೆಯಾಗಿ ಕೇಳುವುದು ನಮ್ಮ ಕರ್ತವ್ಯ. ‘ಸಂವೇದಕ’ವು ಪಠ್ಯಗಳಲ್ಲಿ ಬೇರೂರಿದೆ, ಅದನ್ನು ಕೀಳಬೇಕೆಂಬ ಹಟ ನಮಗಿಲ್ಲ. ‘ಸಂವೇದನೆ’ಯ ಬದಲಿಗೆ ಮಾಪನ, ಗುರುತು ಎಂಬ ಎರಡು ಶಬ್ದಗಳನ್ನು ಬಳಸಿದರೆ ವಾಚಕನು ಮೋಸಹೋಗನು, ದಾರಿಹೋಕನ ಪ್ರಾಣವು ಯಾವುದನ್ನು ಅವಲಂಬಿಸಿದೆಯೆಂಬುದೂ ಅವನಿಗೆ ತಿಳಿಯುವುದು.